ಸೀಸದಿಂದ ತಾಮ್ರಕ್ಕೆ: ಎಲ್ಕ್ ನಾಡಿನ ಒಂದು ಗುಂಡಿನ ಚರಿತ್ರೆ

ಅಮೆರಿಕದ ಐಡಾಹೊ ರಾಜ್ಯದಲ್ಲಿ ಸೆಪ್ಟೆಂಬರ್ ಮುಗಿಯುತ್ತ ಬಂದಂತೆ ಬೇಟೆ ಸಾಮಾನಿನ ಅಂಗಡಿಗಳಲ್ಲಿ ಜನ ಸೇರತೊಡಗುತ್ತಾರೆ. ಜಿಂಕೆ ಮತ್ತು ಎಲ್ಕ್ ಬೇಟೆಯ ಹಂಗಾಮು ಎದುರಿಗಿರುತ್ತದೆ. ಎಲ್ಕ್ ಅಂದರೆ ನಮ್ಮ ಕಡವೆಯ ಬಳಗದ ದೊಡ್ಡ ಪ್ರಾಣಿ. ಬಲಿತ ಗಂಡು 300 ಕಿಲೊ ದಾಟುತ್ತದೆ. ತೋಟಾಗಳ ಕಪಾಟಿನ ಮುಂದೆ ನಿಂತವರ ನಡುವೆ ಈಗೀಗ ಹುಟ್ಟುವ ಚರ್ಚೆ ಒಂದೇ: ಸೀಸದ ಗುಂಡು ಕೊಳ್ಳುವುದೋ, ತಾಮ್ರದ್ದೋ? ತಾಮ್ರದ ಪೆಟ್ಟಿಗೆಗೆ ಬೆಲೆ ಜಾಸ್ತಿ. ಕೆಲವರು ಅದನ್ನು ಪಕ್ಷಿಪ್ರೇಮಿಗಳು ಬೇಟೆಗಾರರ ಮೇಲೆ ಹೇರಿದ ಹೊರೆ ಎನ್ನುತ್ತಾರೆ. ಇನ್ನು ಕೆಲವರು ಅದಿಲ್ಲದೆ ಕಾಡಿಗೆ ಹೋಗುವುದಿಲ್ಲ. ಹೇರಿದ ಹೊರೆ ಎಂಬ ಮಾತು ಚರಿತ್ರೆಗೆ ವಿರುದ್ಧವಾದದ್ದು. ತಾಮ್ರದ ಗುಂಡು ಹುಟ್ಟಿದ್ದು ಬೇಟೆಗಾರನ ತಲೆಯಲ್ಲಿ, ಬೇಟೆಗಾರನ ಅಗತ್ಯಕ್ಕೆ. ಅದರಿಂದ ಹಕ್ಕಿಗಳಿಗೆ ಒಳ್ಳೆಯದಾದದ್ದು ಆಮೇಲೆ. ಈ ಮಾತನ್ನು ವಿವರವಾಗಿ ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ಕೊಡಗಿನವನು, ಬದುಕು ಕಟ್ಟಿಕೊಂಡದ್ದು ಐಡಾಹೊದ ರಾಜಧಾನಿ ಬಾಯ್ಸಿಯಲ್ಲಿ. ನಮ್ಮಲ್ಲಿ ಕೋವಿ ಮನೆಯ ಮರ್ಯಾದೆಯ ವಸ್ತು. ಕೈಲ್ ಪೊಳ್ದ್ ಹಬ್ಬದಂದು ಅದಕ್ಕೆ ತೋಕ್ ಪೂ ಎಂಬ ಹೂ ಮುಡಿಸಿ ಪೂಜಿಸುತ್ತೇವೆ. ಗಂಡು ಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು ಈಡು. ನನ್ನ ಅಜ್ಜ ತಮ್ಮ ಕೇಪಿನ ಕೋವಿಗೆ ಗುಂಡನ್ನು ತಾವೇ ಎರೆಯುತ್ತಿದ್ದರಂತೆ. ಕಬ್ಬಿಣದ ಸೌಟಿನಲ್ಲಿ ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ಆರಿದ ಮೇಲೆ ಅಂಚು ಹೆರೆದು ಚರ್ಮದ ಚೀಲಕ್ಕೆ ಹಾಕಿಡುತ್ತಿದ್ದರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅವರು ಬೇಟೆ ಬಿಟ್ಟರು. ಕೋವಿ ಹಬ್ಬಕ್ಕೆ ಉಳಿಯಿತು. ನಾನು ಬೇಟೆ ಕಲಿತದ್ದು ಇಲ್ಲಿ, ಬೇಟೆ ಶಿಕ್ಷಣದ ತರಗತಿ ಮುಗಿಸಿ, ಪ್ರತಿ ಪ್ರಾಣಿಗೂ ಟ್ಯಾಗ್ ಎಂಬ ಪರವಾನಗಿ ಕೊಂಡು. ಕಲಿಸಿದವರು ನೆರೆಮನೆಯ ಹಿರಿಯರು. ಮರ ಕಡಿಯುವ ಕಸುಬಿನಲ್ಲಿ ವಯಸ್ಸು ಕಳೆದವರು, ಐಡಾಹೊದ ಬೆಟ್ಟಗಳನ್ನು ಕಾಲಿನಿಂದಲೇ ಬಲ್ಲವರು. ತೋಟಾ ಕಟ್ಟುವುದನ್ನೂ ಅವರ ಗ್ಯಾರೇಜಿನ ಮೇಜಿನ ಮೇಲೆಯೇ ಕಲಿತೆ.

ಕೋವಿಯ ಚರಿತ್ರೆಯ ಬಹುಪಾಲು ಸೀಸದ ಚರಿತ್ರೆಯೇ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ; ಅಡುಗೆಮನೆಯ ಬೆಂಕಿ ಸಾಕು. ತಾಮ್ರ ಕರಗಲು 1,085 ಡಿಗ್ರಿ ಬೇಕು. ಸೀಸ ಮೆತ್ತಗಿನದು, ನಳಿಗೆಗೆ ನೋವು ಮಾಡದು. ಸಣ್ಣ ಗಾತ್ರದಲ್ಲಿ ಹೆಚ್ಚು ತೂಕ ಹಿಡಿಯುತ್ತದೆ. ಅದರ ಸಾಂದ್ರತೆ ನೀರಿನ 11.3 ಪಟ್ಟು, ತಾಮ್ರದ್ದು ಸುಮಾರು 9 ಪಟ್ಟು. 1804ರಲ್ಲಿ ಶಾಂತಸಾಗರದ ದಾರಿ ಹುಡುಕಿ ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ತಂಡ ತನ್ನ ಮದ್ದನ್ನು ಸೀಸದ 52 ಡಬ್ಬಿಗಳಲ್ಲಿ ಒಯ್ದಿತ್ತು. ಡಬ್ಬಿ 8 ಪೌಂಡ್, ಒಳಗಿನ ಮದ್ದು 4 ಪೌಂಡ್. ಮದ್ದು ಖಾಲಿಯಾದ ಡಬ್ಬಿಯನ್ನು ಕರಗಿಸಿ ಎರೆದರೆ ಆ ಮದ್ದಿಗೆ ಸರಿಯಾಗುವಷ್ಟು ಗುಂಡು ಬರುವಂತೆ ಲೂಯಿಸ್ ಲೆಕ್ಕ ಹಾಕಿದ್ದ. ಮರುವರ್ಷ ಈಗಿನ ಐಡಾಹೊದ ಬೆಟ್ಟಗಳನ್ನು ದಾಟಿ ಕೊಲಂಬಿಯಾ ನದಿಗುಂಟ ಇಳಿದಾಗ ಅವರು ಒಂದು ಭಾರೀ ರಣಹದ್ದನ್ನು ಕಂಡು ದಿನಚರಿಯಲ್ಲಿ ಬರೆದುಕೊಂಡರು. ಅದು ಕ್ಯಾಲಿಫೋರ್ನಿಯಾ ಕಾಂಡೋರ್. ರೆಕ್ಕೆ ಬಿಚ್ಚಿದರೆ ಮೂರು ಮೀಟರಿಗೆ ಸ್ವಲ್ಪವೇ ಕಡಿಮೆ. ಆ ಹಕ್ಕಿ ಮತ್ತು ಆ ಸೀಸ ಒಂದೇ ಪ್ರಯಾಣದ ದಾಖಲೆಯಲ್ಲಿವೆ.

ಐಡಾಹೊ ಸೀಸದ ತವರೂ ಹೌದು. ರಾಜ್ಯದ ಉತ್ತರದ ಕೊರ್ ಡಿ ಅಲೇನ್ ಸೀಮೆಯಲ್ಲಿ 1885ರಲ್ಲಿ ಬಂಕರ್ ಹಿಲ್ ಗಣಿಯ ಅದಿರು ಸಿಕ್ಕಿತು. 1917ರಲ್ಲಿ ಕೆಲಾಗ್ ಎಂಬ ಊರಿನಲ್ಲಿ ಸೀಸ ಕರಗಿಸುವ ಕುಲುಮೆ ಉರಿಯತೊಡಗಿತು. 1973ರಲ್ಲಿ ಆ ಕಾರ್ಖಾನೆಯ ಹೊಗೆ ಸೋಸುವ ಕಟ್ಟಡಕ್ಕೆ ಬೆಂಕಿ ಬಿದ್ದಿತು, ಕುಲುಮೆ ಮಾತ್ರ ನಿಲ್ಲಲಿಲ್ಲ. ಸುತ್ತಲ ಮಕ್ಕಳ ರಕ್ತದಲ್ಲಿ ಸೀಸದ ಮಟ್ಟ ದೇಶವೇ ಬೆಚ್ಚುವಷ್ಟು ಏರಿತು. 1983ರಲ್ಲಿ ಆ ಕಣಿವೆಯನ್ನು ಕೇಂದ್ರ ಸರ್ಕಾರ ಶುದ್ಧೀಕರಣದ ಪಟ್ಟಿಗೆ ಸೇರಿಸಿತು. ಸೀಸ ಮಕ್ಕಳ ಮೆದುಳಿಗೆ ಏನು ಮಾಡುತ್ತದೆಂಬುದನ್ನು ಐಡಾಹೊದ ಜನ ಬೇಟೆಯ ಚರ್ಚೆ ಹುಟ್ಟುವ ಎಷ್ಟೋ ಮೊದಲೇ ಮನೆಯಂಗಳದಲ್ಲಿ ಕಂಡಿದ್ದರು.

ಗುಂಡಿನ ಕಥೆ ತಿರುಗಿದ್ದು ಮದ್ದು ಬದಲಾದಾಗ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಹೊಗೆ ಕಾರದ ಮದ್ದನ್ನು ರೂಪಿಸಿದ. ಗುಂಡಿನ ವೇಗ ಒಮ್ಮೆಲೇ ಜಿಗಿಯಿತು, ಬರಿಯ ಸೀಸ ಆ ವೇಗ ತಾಳದೆ ನಳಿಗೆಯಲ್ಲಿ ಬಳಿದುಕೊಳ್ಳತೊಡಗಿತು. ಅದಕ್ಕೆ ಪರಿಹಾರವಾಗಿ, ಸ್ವಿಟ್ಜರ್ಲೆಂಡಿನ ಎಡ್ವರ್ಡ್ ರೂಬಿನ್ 1882ರಲ್ಲೇ ರೂಪಿಸಿದ್ದ ತಾಮ್ರದ ಕವಚದ ಗುಂಡು ಬಳಕೆಗೆ ಬಂತು. ಕವಚ ತೊಟ್ಟ ಗುಂಡು ಮೈಯನ್ನು ಸೂಜಿಯಂತೆ ತೂರಿ ಹೋಗುತ್ತಿತ್ತು, ಬೀಳಿಸುತ್ತಿರಲಿಲ್ಲ. ಆಗ ಕಲ್ಕತ್ತೆಯ ಬಳಿಯ ಡಂ ಡಂ ಶಸ್ತ್ರಾಗಾರದಲ್ಲಿ ಕ್ಯಾಪ್ಟನ್ ನೆವಿಲ್ ಬರ್ಟಿ-ಕ್ಲೇ ಕವಚದ ಮೂತಿಯನ್ನು ಬಿಚ್ಚಿ, ತಾಗಿದ ಕೂಡಲೇ ಅರಳುವ ಗುಂಡನ್ನು ತಯಾರಿಸಿದ. ಗಡಿನಾಡಿನ ಬುಡಕಟ್ಟು ಜನರ ಮೇಲೆ ಅದನ್ನು ಬಳಸಿದ ಕ್ರೌರ್ಯ ಲೋಕಕ್ಕೆ ಗೊತ್ತಾಗಿ, 1899ರ ಹೇಗ್ ಸಮ್ಮೇಳನ ಯುದ್ಧದಲ್ಲಿ ಅರಳುವ ಗುಂಡನ್ನು ನಿಷೇಧಿಸಿತು.

ಬೇಟೆಯ ನೀತಿ ಇದಕ್ಕೆ ನೇರ ವಿರುದ್ಧ. ಇಲ್ಲಿ ಅರಳುವ ಗುಂಡೇ ಧರ್ಮ. ಅರಳದ ಗುಂಡು ತೂರಿದ ಪ್ರಾಣಿ ಮೈಲಿಗಟ್ಟಲೆ ಓಡಿ, ಯಾರ ಕೈಗೂ ಸಿಗದೆ, ಗಂಟೆಗಟ್ಟಲೆ ನರಳಿ ಸಾಯುತ್ತದೆ. ಅರಳುವ ಗುಂಡು ಪುಪ್ಪುಸ ಮತ್ತು ಹೃದಯಕ್ಕೆ ಅಗಲ ಗಾಯ ಮಾಡಿ ಬೇಗ ಮುಗಿಸುತ್ತದೆ. ಆದ್ದರಿಂದಲೇ ಮೂತಿ ತೆರೆದ ತಾಮ್ರದ ಕವಚದೊಳಗೆ ಸೀಸ ತುಂಬಿದ ಗುಂಡು ಇಡೀ ಇಪ್ಪತ್ತನೆಯ ಶತಮಾನದ ಬೇಟೆಯ ಗುಂಡಾಯಿತು. ಸೀಸವೇ ಇಲ್ಲದ ಗುಂಡು ಆಗಲೂ ಇರಲಿಲ್ಲವೆಂದಲ್ಲ. ಫ್ರೆಂಚ್ ಸೈನ್ಯ 1898ರಲ್ಲಿ ಬಳಕೆಗೆ ತಂದ ‘ಬಾಲ್ ಡಿ’ ಗುಂಡಿನಲ್ಲಿ ನೂರಕ್ಕೆ 90 ಪಾಲು ತಾಮ್ರ, ಉಳಿದದ್ದು ಸತು. ಆದರೆ ಅದು ಅರಳದ ಗುಂಡು, ಸೈನಿಕನಿಗೆ ಮಾಡಿದ್ದು. ಅರಳುವ ತಾಮ್ರ ಬರಲು ಇನ್ನೂ ಸುಮಾರು 90 ವರ್ಷ ಕಾಯಬೇಕಿತ್ತು.

ಆ ನಡುವಿನ ಕಾಲದ ತೊಂದರೆ ಎಲ್ಕ್ ಬೇಟೆಗಾರರಿಗೆಲ್ಲ ಗೊತ್ತಿದ್ದದ್ದೇ. ಸೀಸದ ಗುಂಡು ವೇಗವಾಗಿ ಹೋಗಿ ದಪ್ಪ ಮೂಳೆಗೆ ಬಡಿದರೆ ಒಡೆದು ಚೂರಾಗುತ್ತದೆ, ಒಳಕ್ಕೆ ಇಳಿಯುವುದಿಲ್ಲ. 1946ರಲ್ಲಿ ಜಾನ್ ನಾಸ್ಲರ್ ಎಂಬ ಬೇಟೆಗಾರ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಎಂಬ ಭಾರೀ ಜಿಂಕೆಗೆ ಈಡು ಹೊಡೆದ. ಕೈಯಲ್ಲಿದ್ದದ್ದು ಬಲವಾದ .300 ಮ್ಯಾಗ್ನಮ್ ಕೋವಿ. ಪ್ರಾಣಿಯ ಮೈಗೆ ಒಣಗಿ ಅಂಟಿದ್ದ ಕೆಸರು ಮತ್ತು ದಪ್ಪ ತೊಗಲಿನ ಮೇಲೇ ಗುಂಡು ಪುಡಿಯಾಯಿತು. ಮನೆಗೆ ಮರಳಿದ ನಾಸ್ಲರ್, ತಾಮ್ರದ ಕವಚದ ನಡುವೆ ತಾಮ್ರದ್ದೇ ಒಂದು ಗೋಡೆ ಇಟ್ಟು, ಮುಂದಿನ ಅರೆಯಲ್ಲೂ ಹಿಂದಿನ ಅರೆಯಲ್ಲೂ ಸೀಸ ತುಂಬಿದ. ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ಗೋಡೆಯ ರಕ್ಷಣೆಯಲ್ಲಿ ಇಡಿಯಾಗಿ ಮುಂದೆ ನುಗ್ಗುತ್ತದೆ. ಇದೇ ‘ಪಾರ್ಟಿಷನ್’ ಗುಂಡು. 1948ರಲ್ಲಿ ಆರೆಗನ್ ರಾಜ್ಯದ ಆ್ಯಶ್‌ಲ್ಯಾಂಡಿನಲ್ಲಿ ನಾಸ್ಲರ್ ಇದಕ್ಕಾಗಿಯೇ ಕಂಪನಿ ಕಟ್ಟಿದ. ನನ್ನ ನೆರೆಮನೆಯ ಗುರು ತಮ್ಮ ಪ್ರಾಯದ ಎಲ್ಕ್‌ಗಳನ್ನೆಲ್ಲ ಹೊಡೆದದ್ದು ಈ ಗುಂಡಿನಿಂದಲೇ. ಅದನ್ನು ಅವರು ಇಂದಿಗೂ ಗೌರವದಿಂದ ನೆನೆಯುತ್ತಾರೆ, ಅದು ಸರಿಯಾದ ಗೌರವ. ಆದರೂ ಮುಂದಿನ ಅರೆಯ ಸೀಸ ಮಾಂಸದಲ್ಲಿ ಚದುರುವುದು ಅದರಲ್ಲೂ ತಪ್ಪಲಿಲ್ಲ.

ಕೊನೆಯ ಹೆಜ್ಜೆ ಇಟ್ಟದ್ದು ನೆರೆಯ ಯೂಟಾ ರಾಜ್ಯದಲ್ಲಿ. ಫ್ರೆಡ್ ಬಾರ್ನ್ಸ್ 1932ರಲ್ಲಿ ಕೊಲರಾಡೊದ ಬೇಫೀಲ್ಡ್ ಎಂಬ ಸಣ್ಣ ಊರಿನಲ್ಲಿ ಗುಂಡು ಮಾಡಿ ಮಾರತೊಡಗಿದ್ದ. 1974ರಲ್ಲಿ ಆ ಉದ್ಯಮವನ್ನು ಯೂಟಾದ ಅಮೆರಿಕನ್ ಫೋರ್ಕ್ ಪಟ್ಟಣದ ರ್‍ಯಾಂಡಿ ಬ್ರೂಕ್ಸ್ ಮತ್ತು ಅವರ ಪತ್ನಿ ಕೋನಿ ಕೊಂಡುಕೊಂಡರು. 1985ರಲ್ಲಿ ರ್‍ಯಾಂಡಿ ಅಲಾಸ್ಕದ ಬೆಟ್ಟದ ಮೇಲೆ ಕಂದು ಕರಡಿಗಾಗಿ ದುರ್ಬೀನು ಹಿಡಿದು ಕೂತಿದ್ದಾಗ, ಗುಂಡು ಒಡೆಯಲು ಕಾರಣ ಸೀಸವೇ ಆದರೆ ಸೀಸವನ್ನೇ ತೆಗೆದುಬಿಟ್ಟರೇನು ಎಂಬ ಯೋಚನೆ ಹೊಳೆಯಿತು. ಮರುವರ್ಷ ಅಪ್ಪಟ ತಾಮ್ರದ ಗುಂಡಿನಿಂದ ಅಲಾಸ್ಕದಲ್ಲಿ ಕರಡಿ ಹೊಡೆದರು. 1989ರಲ್ಲಿ ‘ಎಕ್ಸ್ ಬುಲೆಟ್’ ಮಾರುಕಟ್ಟೆಗೆ ಬಂತು. ಆಗ ಕಾಂಡೋರ್ ಹಕ್ಕಿಯ ಹೆಸರು ಈ ಗುಂಡಿನ ಜೊತೆ ಯಾರ ಬಾಯಲ್ಲೂ ಇರಲಿಲ್ಲ. ಕರಡಿಯ ಹೆಗಲ ಮೂಳೆ ಮುರಿದು ಆಚೆ ಹೋಗುವ ಗುಂಡು ಬೇಕಿತ್ತು, ಅಷ್ಟೇ.

ಅದರ ಕೆಲಸ ಸರಳ. ತಾಮ್ರದ ಸರಳಿನ ಮೂತಿಯಲ್ಲಿ ಒಂದು ಕುಳಿ. ಗುಂಡು ಮೈ ಹೊಕ್ಕಾಗ ರಕ್ತ ಮತ್ತು ಅಂಗಾಂಶ ಆ ಕುಳಿಗೆ ನುಗ್ಗಿ, ಒಳಗಿನ ಒತ್ತಡಕ್ಕೆ ಮೂತಿ ನಾಲ್ಕಾಗಿ ಸೀಳಿ ಹೂವಿನ ಎಸಳುಗಳಂತೆ ಹಿಂದಕ್ಕೆ ಬಾಗುತ್ತದೆ. ಎಸಳುಗಳು ಕಳಚದಿದ್ದರೆ ಗುಂಡಿನ ತೂಕ ಹೆಚ್ಚುಕಡಿಮೆ ಪೂರ್ತಿ ಉಳಿಯುತ್ತದೆ. ಸೀಸದ ಸಾಮಾನ್ಯ ಗುಂಡು ತನ್ನ ತೂಕದ ಮೂರನೆಯ ಒಂದು ಪಾಲನ್ನೋ ಇನ್ನೂ ಹೆಚ್ಚನ್ನೋ ದಾರಿಯಲ್ಲಿ ಕಳೆದುಕೊಳ್ಳುವುದು ಮಾಮೂಲು.

ಮೊದಲ ವರ್ಷಗಳಲ್ಲಿ ತಾಮ್ರಕ್ಕೆ ಕೆಟ್ಟ ಹೆಸರೂ ಬಂತು. ಅದಕ್ಕೆ ಕಾರಣಗಳಿದ್ದವು. ತಾಮ್ರ ಸೀಸದಂತೆ ಅದುಮಿಸಿಕೊಳ್ಳುವುದಿಲ್ಲ. ಇಡೀ ಮೈ ನಳಿಗೆಗೆ ಉಜ್ಜಿ ಒಳಗೆಲ್ಲ ತಾಮ್ರ ಮೆತ್ತುತ್ತಿತ್ತು, ಒತ್ತಡ ಏರುತ್ತಿತ್ತು. ಒಂದು ಕೋವಿಯಲ್ಲಿ ಚೆನ್ನಾಗಿ ಗುರಿ ಹಿಡಿದದ್ದು ಇನ್ನೊಂದರಲ್ಲಿ ಚದುರುತ್ತಿತ್ತು. ದೂರದಲ್ಲಿ ವೇಗ ಕುಗ್ಗಿದಾಗ ಮೂತಿ ಅರಳದೆ ಸುಮ್ಮನೆ ತೂರಿ ಹೋದದ್ದೂ ಉಂಟು. ಇಂದು ಕೇಳಿಬರುವ ತಾಮ್ರದ ಮೇಲಿನ ದೂರುಗಳಲ್ಲಿ ಬಹಳಷ್ಟು ಆ ಕಾಲದವು. 2003ರಲ್ಲಿ ಬಾರ್ನ್ಸ್ ಕಂಪನಿ ಗುಂಡಿನ ಸೊಂಟದ ಸುತ್ತ ತೋಡುಗಳನ್ನು ಕೊರೆದು ‘ಟ್ರಿಪಲ್ ಶಾಕ್’ ಎಂಬ ಹೊಸ ರೂಪ ತಂದಿತು. ನಳಿಗೆಯ ಗೆರೆಗಳು ತಳ್ಳಿದ ತಾಮ್ರಕ್ಕೆ ಸರಿಯಲು ಆ ತೋಡುಗಳಲ್ಲಿ ಜಾಗ ಸಿಕ್ಕಿತು. ಮೆತ್ತುವುದು ಇಳಿಯಿತು, ಒತ್ತಡ ಇಳಿಯಿತು, ಗುರಿ ಕೂಡಿತು. ಕೆಲವೇ ವರ್ಷಗಳಲ್ಲಿ ನಾಸ್ಲರ್, ಹಾರ್ನಡಿ ಮೊದಲಾದ ಕಂಪನಿಗಳೂ ಸೀಸವಿಲ್ಲದ ಗುಂಡು ತಂದವು.

ಈ ಕಥೆಯ ಪಕ್ಕದಲ್ಲೇ ಇನ್ನೊಂದು ಕಥೆ ನಡೆದು ಬರುತ್ತಿತ್ತು. 1894ರಲ್ಲಿ ‘ಫಾರೆಸ್ಟ್ ಆ್ಯಂಡ್ ಸ್ಟ್ರೀಮ್’ ಪತ್ರಿಕೆಯ ಸಂಪಾದಕ ಜಾರ್ಜ್ ಬರ್ಡ್ ಗ್ರಿನೆಲ್, ಕೆರೆಯ ತಳದಲ್ಲಿ ಬಿದ್ದ ಸೀಸದ ಚರೆ ನುಂಗಿ ಬಾತುಕೋಳಿಗಳು ವಿಷವೇರಿ ಸಾಯುತ್ತಿರುವುದನ್ನು ಬರೆದರು. ಗ್ರಿನೆಲ್ ಬೇಟೆಯ ವಿರೋಧಿಯಲ್ಲ. 1887ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಜೊತೆ ಸೇರಿ ಬೂನ್ ಆ್ಯಂಡ್ ಕ್ರಾಕೆಟ್ ಕ್ಲಬ್ ಎಂಬ ಬೇಟೆಗಾರರ ಸಂಘ ಕಟ್ಟಿದವರು. ಮಾಂಸ ಮತ್ತು ತೊಗಲಿನ ವ್ಯಾಪಾರಕ್ಕೆ ಎಲ್ಕ್ ಸಂತತಿ ಅಳಿವಿನಂಚಿಗೆ ಬಂದಾಗ ಅದನ್ನು ಉಳಿಸಲು ಹೋರಾಡಿದ ತಲೆಮಾರು ಅವರದು. ಮುಂದೆ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಕೋವಿ ಮತ್ತು ತೋಟಾಗಳ ಮೇಲಿನ ತೆರಿಗೆಯನ್ನು ವನ್ಯಜೀವಿ ರಕ್ಷಣೆಗೇ ಮೀಸಲಿಟ್ಟಿತು. ಅಂಥ ಪರಂಪರೆಯಿದ್ದೂ ಗ್ರಿನೆಲ್ ಎತ್ತಿದ ಎಚ್ಚರಿಕೆಗೆ ದೇಶ ಪೂರ್ತಿ ಕಿವಿಗೊಟ್ಟದ್ದು 1991ರಲ್ಲಿ. ಆ ವರ್ಷದಿಂದ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆ ದೇಶದುದ್ದಕ್ಕೂ ನಿಷಿದ್ಧ. 97 ವರ್ಷ ಹಿಡಿಯಿತು.

ಚರೆಯ ಮಾತು ಮುಗಿದರೂ ರೈಫಲ್ ಗುಂಡಿನ ಮಾತು ಏಳಲಿಲ್ಲ. ಅದನ್ನು ಎಬ್ಬಿಸಿದ್ದು ಕಾಂಡೋರ್. 1982ರಲ್ಲಿ ಲೋಕದಲ್ಲಿ ಉಳಿದಿದ್ದ ಕಾಂಡೋರ್‌ಗಳು 22. 1987ರ ಏಪ್ರಿಲ್‌ನಲ್ಲಿ ಕಾಡಿನ ಕೊನೆಯ ಹಕ್ಕಿಯನ್ನೂ ಹಿಡಿದು ಪಂಜರಕ್ಕೆ ತಂದರು. ಪಂಜರದಲ್ಲಿ ಮರಿ ಮಾಡಿಸಿ 1992ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, 1996ರ ಡಿಸೆಂಬರ್‌ನಲ್ಲಿ ಅರಿಜೋನಾದ ವರ್ಮಿಲಿಯನ್ ಕ್ಲಿಫ್ಸ್ ಬಂಡೆಸಾಲಿನಲ್ಲಿ ಮತ್ತೆ ಬಿಟ್ಟರು. ಬಿಟ್ಟ ಹಕ್ಕಿಗಳು ಸೀಸದ ವಿಷಕ್ಕೆ ಸಾಯತೊಡಗಿದವು. ಬೇಟೆಗಾರ ಜಿಂಕೆಯನ್ನು ಕೊಯ್ದು ಕರುಳು ಕಳ್ಳುಗಳನ್ನು ಕಾಡಿನಲ್ಲೇ ಬಿಟ್ಟು ಬರುತ್ತಾನೆ; ರಣಹದ್ದಿನ ಊಟ ಅದೇ. ಕಣ್ಣಿಗೆ ಕಾಣದಷ್ಟು ಸಣ್ಣ ಸೀಸದ ಚೂರು ಅದರ ಹೊಟ್ಟೆಯ ಆಮ್ಲದಲ್ಲಿ ಕರಗಿ ರಕ್ತ ಸೇರುತ್ತದೆ. ಅನ್ನನಾಳ ಸ್ತಬ್ಧವಾಗಿ, ಹೊಟ್ಟೆ ತುಂಬಿದ್ದರೂ ಹಕ್ಕಿ ಹಸಿವಿನಿಂದ ಸಾಯುತ್ತದೆ. ಇಂದಿಗೂ ಕಾಂಡೋರ್‌ಗಳನ್ನು ಆಗಾಗ ಹಿಡಿದು, ರಕ್ತ ಪರೀಕ್ಷಿಸಿ, ಸೀಸ ಹೆಚ್ಚಿದ್ದರೆ ಅದನ್ನು ತೆಗೆಯುವ ಚುಚ್ಚುಮದ್ದು ಕೊಟ್ಟು ಬಿಡುತ್ತಾರೆ.

ಇಲ್ಲಿ ನಮ್ಮ ಬಾಯ್ಸಿ ಬರುತ್ತದೆ. ಊರ ದಕ್ಷಿಣದ ದಿಬ್ಬದ ಮೇಲೆ ಪೆರೆಗ್ರಿನ್ ಫಂಡ್ ಸಂಸ್ಥೆಯ ಬೇಟೆಹಕ್ಕಿಗಳ ಕೇಂದ್ರವಿದೆ. 1970ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಟಾಮ್ ಕೇಡ್ ಹುಟ್ಟುಹಾಕಿದ ಈ ಸಂಸ್ಥೆ 1984ರಲ್ಲಿ ಇಲ್ಲಿಗೆ ಬಂತು. 1993ರಿಂದ ಇಲ್ಲಿ ಕಾಂಡೋರ್ ಮರಿಗಳು ಹುಟ್ಟುತ್ತಿವೆ. ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಆ ಹಕ್ಕಿಯ ಮುಂದೆ ಹೆಚ್ಚು ಹೊತ್ತು ನಿಲ್ಲುವವನು ನಾನೇ. ಈ ಸಂಸ್ಥೆಯ ಗ್ರೇಂಜರ್ ಹಂಟ್ ಮತ್ತು ಸಂಗಡಿಗರು ರೈಫಲಿನಿಂದ ಹೊಡೆದ 38 ಜಿಂಕೆಗಳ ಅವಶೇಷಗಳನ್ನು ಎಕ್ಸ್-ರೇ ಮಾಡಿ 2006ರಲ್ಲಿ ವರದಿ ಪ್ರಕಟಿಸಿದರು. ಪರೀಕ್ಷಿಸಿದ 20 ಕರುಳಿನ ರಾಶಿಗಳಲ್ಲಿ 18ರಲ್ಲಿ ಲೋಹದ ಚೂರುಗಳಿದ್ದವು. ಐದು ರಾಶಿಗಳಲ್ಲಿ ಒಂದೊಂದರಲ್ಲೂ 200ಕ್ಕಿಂತ ಹೆಚ್ಚು. ತಾಮ್ರದ ಗುಂಡಿನಿಂದ ಬಿದ್ದ ನಾಲ್ಕು ಇಡೀ ಜಿಂಕೆಗಳಲ್ಲಿ ಎಲ್ಲ ಸೇರಿ ಸಿಕ್ಕಿದ್ದು 6 ಚೂರು. ಇಪ್ಪತ್ತು ವರ್ಷದ ಹಿಂದೆ ಕರಡಿಗಾಗಿ ಹುಟ್ಟಿದ ಯೋಚನೆ ರಣಹದ್ದಿನ ಬಾಗಿಲಿಗೆ ಬಂದು ನಿಂತದ್ದು ಹೀಗೆ.

ಹಕ್ಕಿಯ ಊಟದಲ್ಲಿದ್ದದ್ದು ಮನುಷ್ಯನ ಊಟದಲ್ಲೂ ಇತ್ತು. 2008ರ ವಸಂತದಲ್ಲಿ ಉತ್ತರ ಡಕೋಟ ರಾಜ್ಯದಲ್ಲಿ, ಬಡವರಿಗೆಂದು ಬೇಟೆಗಾರರು ದಾನ ಕೊಟ್ಟಿದ್ದ ಜಿಂಕೆ ಖೈಮಾದಲ್ಲಿ ಸೀಸ ಕಂಡು, ಅದನ್ನು ಎಸೆಯುವಂತೆ ಆರೋಗ್ಯ ಇಲಾಖೆ ಹೇಳಿತು. ಅದೇ ವರ್ಷದ ಮೇ ತಿಂಗಳಲ್ಲಿ ಬಾಯ್ಸಿಯಲ್ಲೇ ಗುಂಡಿನ ಸೀಸದ ಬಗ್ಗೆ ವಿಜ್ಞಾನಿಗಳ ದೊಡ್ಡ ಸಮ್ಮೇಳನ ನಡೆಯಿತು. 2009ರಲ್ಲಿ ಹಂಟ್ ತಂಡ ಮತ್ತೊಂದು ಅಧ್ಯಯನ ಪ್ರಕಟಿಸಿತು. ಸೀಸದ ಗುಂಡಿನಿಂದ ಹೊಡೆದ 30 ಜಿಂಕೆಗಳನ್ನು ಕಸಾಯಿ ಅಂಗಡಿಗಳಲ್ಲಿ ಕೊಯ್ಸಿ, ಅರೆಯಿಸಿ, ಪೊಟ್ಟಣ ಕಟ್ಟಿಸಿ ನೋಡಿದರೆ 24 ಜಿಂಕೆಗಳ ಖೈಮಾದಲ್ಲಿ ಲೋಹದ ಚೂರಿತ್ತು. ಆ ಮಾಂಸವನ್ನು ಹಂದಿಗಳಿಗೆ ತಿನ್ನಿಸಿದಾಗ ಅವುಗಳ ರಕ್ತದ ಸೀಸ ಏರಿತು. ಗಾಯದ ಸುತ್ತ ಬೊಗಸೆಯಷ್ಟು ಮಾಂಸ ಕತ್ತರಿಸಿ ಎಸೆದರೆ ಸಾಕೆಂದು ತಲೆತಲಾಂತರದಿಂದ ನಂಬಿದ್ದವರಿಗೆ ಇದು ದೊಡ್ಡ ಪೆಟ್ಟು. ನನ್ನ ಗುರು ಪಾರ್ಟಿಷನ್ ಬಿಟ್ಟು ತಾಮ್ರ ಹಿಡಿದದ್ದು ಆ ದಿನಗಳಲ್ಲಿ. ಕಾರಣ ಕೇಳಿದರೆ ಅವರು ಹಕ್ಕಿಯ ಮಾತು ತೆಗೆಯುವುದಿಲ್ಲ. ಮೊಮ್ಮಕ್ಕಳು ತಿನ್ನುವ ಮಾಂಸ ಎನ್ನುತ್ತಾರೆ, ಅಷ್ಟೇ. ನನಗೂ ಅದೇ ಕಾರಣ ಸಾಕು. ನಮ್ಮ ಮನೆಯಲ್ಲಿ ವರ್ಷದ ಬಹುಪಾಲು ಮಾಂಸ ಎಲ್ಕ್. ಊರಿಂದ ತಂದ ಕಾಚಂಪುಳಿ ಎಂಬ ಹುಳಿ ಹಾಕಿ ಹುರಿದರೆ ಮಕ್ಕಳು ಬೇರೇನೂ ಕೇಳುವುದಿಲ್ಲ. ಅದನ್ನು ಅವರ ತಟ್ಟೆಗೆ ಬಡಿಸುವ ಕೈಗೆ ಅನುಮಾನ ಇರಬಾರದು.

ಗೊತ್ತಾದ ಮೇಲೆ ಏನು ಮಾಡಬೇಕೆಂಬುದಕ್ಕೆ ಎರಡು ರಾಜ್ಯಗಳು ಎರಡು ದಾರಿ ಹಿಡಿದವು. ಕ್ಯಾಲಿಫೋರ್ನಿಯಾ ಕಾನೂನು ಮಾಡಿತು. 2007ರಲ್ಲಿ ಕಾಂಡೋರ್ ಸೀಮೆಗೆ ಮಾತ್ರ, 2013ರಲ್ಲಿ ಇಡೀ ರಾಜ್ಯಕ್ಕೆ. 2019ರ ಜುಲೈ 1ರಿಂದ ಅಲ್ಲಿ ಯಾವ ಬೇಟೆಗೂ ಸೀಸ ಸಲ್ಲದು. ಅರಿಜೋನಾ ಕೈಮುಗಿದು ಕೇಳಿತು. 2005ರಿಂದ ಕಾಂಡೋರ್ ಸೀಮೆಯಲ್ಲಿ ಟ್ಯಾಗ್ ಸಿಕ್ಕ ಬೇಟೆಗಾರರಿಗೆ ರಾಜ್ಯದ ವನ್ಯಜೀವಿ ಇಲಾಖೆ ಸೀಸರಹಿತ ತೋಟಾಗಳನ್ನು ಬಿಟ್ಟಿಯಾಗಿ ಕೊಟ್ಟಿತು, ಕಾರಣ ತಿಳಿಸಿತು. ಯಾವ ದಂಡದ ಭಯವೂ ಇಲ್ಲದೆ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಒಪ್ಪಿದರು. ಕೇಂದ್ರ ಸರ್ಕಾರದ ಮಟ್ಟದಲ್ಲಿ ವಿಷಯ ರಾಜಕೀಯವಾಯಿತು. 2017ರ ಜನವರಿ 19ರಂದು ರಾಷ್ಟ್ರೀಯ ವನ್ಯಜೀವಿ ಧಾಮಗಳಲ್ಲಿ ಸೀಸವನ್ನು ಹಂತಹಂತವಾಗಿ ಕೈಬಿಡುವ ಆದೇಶ ಹೊರಟಿತು. ಮಾರ್ಚ್ 2ರಂದು ಹೊಸ ಸರ್ಕಾರ ಅದನ್ನು ರದ್ದುಮಾಡಿತು. ಐಡಾಹೊದಲ್ಲಿ ರೈಫಲ್ ಬೇಟೆಗೆ ಇಂದಿಗೂ ಅಂಥ ಕಾನೂನಿಲ್ಲ. ಅರಿಜೋನಾದ ಅನುಭವ ನನಗೆ ಹೆಚ್ಚು ಪಾಠ ಹೇಳುತ್ತದೆ. ಬೇಟೆಗಾರನಿಗೆ ಎಕ್ಸ್-ರೇ ಚಿತ್ರ ತೋರಿಸಿ, ಗೌರವದಿಂದ ಮಾತಾಡಿದರೆ ಅವನು ಕೇಳುತ್ತಾನೆ.

ಬಾಯ್ಸಿಯ ಪೆರೆಗ್ರಿನ್ ಫಂಡ್ ಸಂಸ್ಥೆಗೂ ಕರ್ನಾಟಕಕ್ಕೂ ಒಂದು ನಂಟಿದೆ. ನಮ್ಮ ಉಪಖಂಡದ ರಣಹದ್ದುಗಳು 1990ರ ದಶಕದಲ್ಲಿ ಲಕ್ಷಗಟ್ಟಲೆ ಸತ್ತು ಮಾಯವಾದಾಗ ಕಾರಣ ಯಾರಿಗೂ ತಿಳಿಯಲಿಲ್ಲ. 2004ರಲ್ಲಿ ಪಶುವೈದ್ಯ ವಿಜ್ಞಾನಿ ಲಿಂಡ್ಸೆ ಓಕ್ಸ್ ಮತ್ತು ಪೆರೆಗ್ರಿನ್ ಫಂಡ್ ಸಂಶೋಧಕರು ಪಾಕಿಸ್ತಾನದಲ್ಲಿ ಅಧ್ಯಯನ ನಡೆಸಿ, ದನಗಳಿಗೆ ಕೊಡುವ ಡೈಕ್ಲೋಫೆನಾಕ್ ನೋವುಮದ್ದೇ ಕೊಲೆಗಾರ ಎಂದು ತೋರಿಸಿಕೊಟ್ಟರು. 2006ರಲ್ಲಿ ಭಾರತ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿತು. 2012ರಲ್ಲಿ ರಾಮನಗರದ ರಾಮದೇವರಬೆಟ್ಟ ರಣಹದ್ದು ಧಾಮವಾಯಿತು. ಎರಡೂ ಕಡೆ ಕಥೆ ಒಂದೇ: ಮನುಷ್ಯ ತನ್ನ ಉಪಯೋಗಕ್ಕೆ ಪ್ರಾಣಿಯ ಮೈಗೆ ಹಾಕಿದ್ದನ್ನು, ಸತ್ತ ಮೇಲೆ ಅದನ್ನು ತಿಂದು ನೆಲ ಶುಚಿ ಮಾಡುವ ಹಕ್ಕಿ ಜೀವ ಕೊಟ್ಟು ತೀರಿಸಿತು.

ಇಷ್ಟು ಚರಿತ್ರೆ ಬೆನ್ನಿಗಿಟ್ಟುಕೊಂಡು ಗುಂಡು ಆರಿಸುವುದು ಹೇಗೆ? ನನ್ನದು 1906ರ ಹಳೆಯ .30-06 ತೋಟಾದ ರೈಫಲ್. ಗುಂಡಿನ ತೂಕವನ್ನು ಇಲ್ಲಿ ಗ್ರೇನ್ ಲೆಕ್ಕದಲ್ಲಿ ಹೇಳುತ್ತಾರೆ. 180 ಗ್ರೇನ್ ಅಂದರೆ ಸುಮಾರು 11.7 ಗ್ರಾಂ. ಎಲ್ಕ್‌ಗೆ ಸೀಸದ 180 ಗ್ರೇನ್ ಬೇಕೆಂಬುದು ಹಿರಿಯರ ಲೆಕ್ಕ. ತಾಮ್ರದಲ್ಲಿ ಒಂದು ಮೆಟ್ಟಿಲು ಇಳಿಯಬೇಕು. ತಾಮ್ರ ಹಗುರ, ಆದ್ದರಿಂದ ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಉದ್ದದ ಗುಂಡು ಗಾಳಿಯಲ್ಲಿ ನೇರ ನಿಲ್ಲಲು ಹೆಚ್ಚು ಸುತ್ತು ಬೇಕು, ತೋಟಾದೊಳಗೆ ಮದ್ದಿನ ಜಾಗವನ್ನೂ ತಿನ್ನುತ್ತದೆ. ತೂಕ ಕಳೆದುಕೊಳ್ಳದ ಗುಂಡಿಗೆ ಮೊದಲೇ ಹೆಚ್ಚು ತೂಕ ಕೊಡುವ ಅಗತ್ಯವೂ ಇಲ್ಲ. ಹಾಗಾಗಿ ಎಲ್ಕ್‌ಗೆ 165 ಗ್ರೇನ್, ಜಿಂಕೆಗೆ 150.

ಎರಡನೆಯದು ವೇಗ. ಸೀಸ ನಿಧಾನದಲ್ಲೂ ಅರಳುತ್ತದೆ, ತಾಮ್ರಕ್ಕೆ ತಾಗುವ ಹೊತ್ತಿಗೆ ಸೆಕೆಂಡಿಗೆ ಸುಮಾರು 2,000 ಅಡಿ ವೇಗ ಉಳಿದಿರಬೇಕು. ನನ್ನ ಕೋವಿಯಲ್ಲಿ 2,800 ಅಡಿಯಲ್ಲಿ ಹೊರಡುವ ಗುಂಡು 300 ಗಜದಲ್ಲಿ ಅದಕ್ಕಿಂತ ಚೂರು ಮೇಲಿರುತ್ತದೆ. ನನ್ನ ಗಡಿ ಅಲ್ಲಿಗೆ ಮುಗಿಯಿತು. ಅದರಾಚೆಯ ಎಲ್ಕ್ ಎಷ್ಟು ದೊಡ್ಡದಿದ್ದರೂ ಬೆರಳು ಕುದುರೆಗೆ ಹೋಗುವುದಿಲ್ಲ. ಮೂರನೆಯದು ನಳಿಗೆ. ಹಳೆಯ ಕವಚದ ಗುಂಡುಗಳು ಬಿಟ್ಟ ಮಸಿಯನ್ನು ಪೂರ್ತಿ ತೆಗೆದೇ ತಾಮ್ರ ಹೊಡೆಯಬೇಕು. ತೋಟಾ ಕಟ್ಟುವಾಗ ಗುಂಡನ್ನು ನಳಿಗೆಯ ಗೆರೆಗಳಿಗೆ ತಾಗಿಸದೆ 0.05 ಇಂಚಿನಷ್ಟು ಹಿಂದೆ ಕೂರಿಸಿದರೆ ಗುರಿ ಬಿಗಿಯಾಗುತ್ತದೆ. ನಾಲ್ಕನೆಯದು ಈಡಿನ ಜಾಗ. ಹೆಗಲ ಹಿಂದೆ ಪಕ್ಕೆಲುಬಿನ ಮೆತ್ತಗಿನ ಜಾಗ ಹುಡುಕುವುದು ಸೀಸದ ಅಭ್ಯಾಸ. ತಾಮ್ರ ಮೂಳೆಗೆ ಹೆದರುವುದಿಲ್ಲ. ಹೆಗಲ ಮೂಳೆಗೆ ಹೊಂದಿಕೊಂಡು ಹೊಡೆದರೆ ಪ್ರಾಣಿ ನಿಂತಲ್ಲೇ ಕುಸಿಯುತ್ತದೆ. ಅದೇ ಗುಂಡು ಬಹುಮಟ್ಟಿಗೆ ಮೈಯಿಂದ ಆಚೆ ಹೊರಬರುತ್ತದೆ, ಆದ್ದರಿಂದ ಹಿಂದೆ ಇನ್ನೊಂದು ಪ್ರಾಣಿ ಇಲ್ಲವೆಂದು ಖಚಿತ ಮಾಡಿಕೊಳ್ಳಲೇಬೇಕು.

ತಾಮ್ರವೂ ಪಾಪವಿಲ್ಲದ ಲೋಹವಲ್ಲ. ನೆರೆಯ ಮೊಂಟಾನಾದ ಬ್ಯೂಟ್ ಊರಿನ ಬರ್ಕ್ಲಿ ಪಿಟ್ ಎಂಬ ಹಳೆಯ ತಾಮ್ರದ ಗಣಿ ಆಮ್ಲದ ಕೆರೆಯಾಗಿದೆ. 1995ರಲ್ಲಿ ಅಲ್ಲಿ ಇಳಿದ 342 ಹಿಮ ಹೆಬ್ಬಾತುಗಳು ಸತ್ತವು. ಬೆಲೆಯ ಮಾತೂ ನಿಜ. ಆದರೆ ಒಂದು ಹಂಗಾಮಿನಲ್ಲಿ ಬೇಟೆಗಾರ ಪ್ರಾಣಿಯ ಮೇಲೆ ಹಾರಿಸುವುದು ಒಂದೋ ಎರಡೋ ಗುಂಡು. ಪೆಟ್ರೋಲು, ಟ್ಯಾಗು, ಬೂಟುಗಳ ಖರ್ಚಿನ ಮುಂದೆ ಅದರ ವ್ಯತ್ಯಾಸ ಲೆಕ್ಕಕ್ಕೆ ಬಾರದು. ಜಪಾನಿನ ಹೊಕ್ಕೈಡೊ ದ್ವೀಪ ತನ್ನ ಕಡಲಹದ್ದುಗಳಿಗಾಗಿ ಜಿಂಕೆ ಬೇಟೆಯಲ್ಲಿ ಸೀಸ ಬಿಟ್ಟು ಎರಡು ದಶಕ ದಾಟಿತು. ಡೆನ್ಮಾರ್ಕ್ 2024ರಲ್ಲಿ ರೈಫಲ್ ಗುಂಡಿನ ಸೀಸವನ್ನೂ ನಿಲ್ಲಿಸಿತು. ಅಲ್ಲೆಲ್ಲ ಬೇಟೆ ನಿಂತಿಲ್ಲ. ಇತ್ತ ಅಮೆರಿಕದ 38 ರಾಜ್ಯಗಳ 1,210 ಹದ್ದುಗಳನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟವಾದ ಅಧ್ಯಯನ, ಅವುಗಳಲ್ಲಿ ಅರ್ಧದಷ್ಟಕ್ಕೆ ದೀರ್ಘಕಾಲದ ಸೀಸದ ವಿಷ ತಗುಲಿದೆ ಎಂದಿತು. ಅದೇ ವರ್ಷ ಯುರೋಕ್ ಬುಡಕಟ್ಟಿನವರು ಉತ್ತರ ಕ್ಯಾಲಿಫೋರ್ನಿಯಾದ ತಮ್ಮ ನೆಲದ ಮೇಲೆ ಕಾಂಡೋರ್‌ಗಳನ್ನು ಮತ್ತೆ ಹಾರಿಬಿಟ್ಟರು. ಇಂದು ಪಂಜರದವೂ ಕಾಡಿನವೂ ಸೇರಿ ಐನೂರಕ್ಕೂ ಹೆಚ್ಚಿವೆ. ಅವು ಉಳಿಯುವುದು ಬಿಡುವುದು ಬೇಟೆಗಾರ ಏನು ಬಿಟ್ಟುಹೋಗುತ್ತಾನೆ ಎಂಬುದರ ಮೇಲಿದೆ.

ಅಮೆರಿಕದಲ್ಲಿ ನೆಲೆಸಿ ಬೇಟೆಗೆ ಇಳಿಯುತ್ತಿರುವ ಕನ್ನಡಿಗರಿಗೆ, ಅದರಲ್ಲೂ ಕೋವಿಯನ್ನು ಪೂಜಿಸುವ ಮನೆಗಳಿಂದ ಬಂದ ನನ್ನವರಿಗೆ, ನನ್ನ ಕೋರಿಕೆ ಇಷ್ಟೇ. ಕಾನೂನು ಬರಲೆಂದು ಕಾಯಬೇಡಿ. ಈ ಹಂಗಾಮಿಗೆ ಒಂದು ಪೆಟ್ಟಿಗೆ ತಾಮ್ರದ ತೋಟಾ ಕೊಳ್ಳಿ, ನಿಮ್ಮ ಕೋವಿಯಲ್ಲಿ ಅದರ ಗುರಿ ನೋಡಿ, ನಿಮ್ಮ ದೂರದ ಗಡಿ ಗೊತ್ತುಮಾಡಿಕೊಳ್ಳಿ. ಕೋವಿ ಹಿಡಿಯದವರೂ ಸುಮ್ಮನಿರಬೇಕಿಲ್ಲ. ಗೆಳೆಯರು ಪ್ರೀತಿಯಿಂದ ಬೇಟೆಯ ಮಾಂಸ ತಂದುಕೊಟ್ಟರೆ, ಅದನ್ನು ಮಕ್ಕಳಿಗೆ ಬಡಿಸುವ ಮೊದಲು ಯಾವ ಗುಂಡಿನಿಂದ ಹೊಡೆದದ್ದು ಎಂದು ಕೇಳಿ.